ಹಸಿ ಹಾಲು, ಪಾಶ್ಚರೀಕೃತ ಹಾಲು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಆನೇಕಲ್ ತಾಲ್ಲೂಕಿನ ಸರ್ಜಾಪುರ, ಮುತ್ತಾನಲ್ಲೂರು, ಬಿದರಗುಪ್ಪೆ ಸುತ್ತಿನ ಹಳ್ಳಿಗಳಲ್ಲಿ ಬೆಳಗಿನ ಜಾವ ಕರೆದ ಹಾಲು ಎರಡು ದಾರಿ ಹಿಡಿಯುತ್ತದೆ. ಒಂದು ದಾರಿ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಗುತ್ತದೆ. ಅಲ್ಲಿ ಹಾಲಿನ ಅಳತೆಯಾಗಿ, ಕೊಬ್ಬಿನಂಶದ ಪರೀಕ್ಷೆಯಾಗಿ, ಲೆಕ್ಕ ಪುಸ್ತಕಕ್ಕೇರಿ, ಅದು ಡೇರಿಯ ಕಡೆಗೆ ಸಾಗುತ್ತದೆ. ಇನ್ನೊಂದು ದಾರಿ ದ್ವಿಚಕ್ರ ವಾಹನದ ಎರಡು ಬದಿಗೆ ಕಟ್ಟಿದ ಕ್ಯಾನುಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ವಸತಿ ಸಮುಚ್ಚಯಗಳ ಬಾಗಿಲಿಗೆ ಹೋಗುತ್ತದೆ. ಪೀಣ್ಯದ ಕಡೆಯಲ್ಲಿ ಇದೇ ಎರಡನೆಯ ದಾರಿ ದಾಸನಪುರ, ಮಾಕಳಿಗಳಿಂದ ಹೊರಟು ಕಾರ್ಖಾನೆ ಕಾರ್ಮಿಕರ ವಠಾರಗಳನ್ನೂ ಚಹಾ ಅಂಗಡಿಗಳನ್ನೂ ತಲುಪುತ್ತದೆ.

ಎರಡನೆಯ ದಾರಿ ಹೊಸದೇನೂ ಅಲ್ಲ. ವರ್ತನೆಯ ಹಾಲು ಎಂದರೆ ಪಟ್ಟಣಕ್ಕೂ ಹಳ್ಳಿಗೂ ಇದ್ದ ಹಳೆಯ ನಂಟು. ಹೊಸದಾಗಿರುವುದು ಕೊಳ್ಳುವವರ ಅಭ್ಯಾಸ. ಹಿಂದೆ ವರ್ತನೆಯ ಹಾಲು ಮನೆಗೆ ಬಂದೊಡನೆ ಒಲೆಯ ಮೇಲೇರುತ್ತಿತ್ತು. ಈಗ ಕೆಲವು ಮನೆಗಳಲ್ಲಿ ಅದೇ ಹಾಲನ್ನು ಹೆಚ್ಚಿನ ಬೆಲೆ ಕೊಟ್ಟು, ಗಾಜಿನ ಬಾಟಲಿಯಲ್ಲಿ ತರಿಸಿ, ಕಾಯಿಸದೆಯೇ ಕುಡಿಯುವ ರೂಢಿ ಬೆಳೆಯುತ್ತಿದೆ. ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆ, ಪಾಶ್ಚರೀಕರಣದಿಂದ ಹಾಲು ಸತ್ತ ಹಾಲಾಗುತ್ತದೆ ಎಂಬ ಮಾತು ವಿದೇಶದ ಚರ್ಚೆಗಳಿಂದ ಇಲ್ಲಿಗೆ ಬಂದಿದೆ. ಅದರ ಪರಿಣಾಮವಾಗಿ ಗ್ರಾಮಸಭೆಗಳಲ್ಲಿ ಎರಡು ಬಗೆಯ ಬೇಡಿಕೆಗಳು ಎದ್ದೇಳಬಹುದು. ಹಸಿ ಹಾಲಿನ ಮಾರಾಟವನ್ನೇ ನಿಷೇಧಿಸಿ ಎಂಬುದು ಒಂದು. ತಮ್ಮ ಹಾಲು ಶುದ್ಧವೆಂದು ಪಂಚಾಯಿತಿಯೇ ಪ್ರಮಾಣಪತ್ರ ನೀಡಲಿ ಎಂಬುದು ಇನ್ನೊಂದು. ಈ ಎರಡನ್ನೂ ಗ್ರಾಮ ಪಂಚಾಯಿತಿ ಒಪ್ಪಲಾಗದು. ಏಕೆ ಒಪ್ಪಲಾಗದು, ಒಪ್ಪದೆಯೂ ಏನು ಮಾಡಬಹುದು ಎಂಬುದು ಈ ಪಾಠದ ವಿಷಯ.

ಬಿಸಿ ಮಾಡುವ ಕೆಲಸ

1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ದ್ರಾಕ್ಷಾರಸ ಕೆಡದಂತೆ ಉಳಿಸಲು ಅದನ್ನು ಕುದಿಸದೆ, ಹದವಾಗಿ ಬಿಸಿ ಮಾಡುವ ಕ್ರಮವನ್ನು ಕಂಡುಕೊಂಡರು. ಹಾಲಿಗೆ ಅದು ಅನ್ವಯವಾದದ್ದು ಅನಂತರದ ದಶಕಗಳಲ್ಲಿ. ಇಂದು ಬಳಕೆಯಲ್ಲಿರುವ ಕ್ರಮಗಳು ಮುಖ್ಯವಾಗಿ ಎರಡು. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಿಸುವುದು ಹಳೆಯ ಕ್ರಮ. 72 ಡಿಗ್ರಿಯಲ್ಲಿ 15 ಸೆಕೆಂಡು ಇರಿಸಿ ತಕ್ಷಣ ತಣ್ಣಗಾಗಿಸುವುದು ದೊಡ್ಡ ಡೇರಿಗಳ ಕ್ರಮ.

ಡೇರಿಯ ಯಂತ್ರವನ್ನು ಸದಸ್ಯರು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು. ಅದರ ಒಳಗೆ ಉಕ್ಕಿನ ತೆಳು ತಟ್ಟೆಗಳ ಸಾಲಿರುತ್ತದೆ. ತಟ್ಟೆಯ ಒಂದು ಬದಿಯಲ್ಲಿ ತಣ್ಣನೆಯ ಹಸಿ ಹಾಲು ಹರಿದರೆ, ಮತ್ತೊಂದು ಬದಿಯಲ್ಲಿ ಕಾದು ಹೊರಬರುತ್ತಿರುವ ಹಾಲು ಹರಿಯುತ್ತದೆ. ಹೋಗುವ ಹಾಲು ತನ್ನ ಬಿಸಿಯನ್ನು ಬರುವ ಹಾಲಿಗೆ ಕೊಟ್ಟು ತಾನು ತಣಿಯುತ್ತದೆ; ಇಂಧನದ ಬಹುಪಾಲು ಹೀಗೆ ಉಳಿಯುತ್ತದೆ. ನಿಗದಿತ ಬಿಸಿಗೇರಿದ ಹಾಲು ಒಂದು ಉದ್ದನೆಯ ಕೊಳವೆಯಲ್ಲಿ ಸಾಗುತ್ತದೆ. ಆ ಕೊಳವೆಯನ್ನು ದಾಟಲು ಹಾಲಿಗೆ 15 ಸೆಕೆಂಡಿಗಿಂತ ಕಡಿಮೆ ಕಾಲ ಸಾಲದಂತೆ ಅದರ ಉದ್ದವನ್ನು ಲೆಕ್ಕಹಾಕಿರುತ್ತಾರೆ. ಕೊಳವೆಯ ಕೊನೆಯಲ್ಲಿ ಒಂದು ಕವಾಟವಿದೆ. ಹಾಲಿನ ಉಷ್ಣತೆ ನಿಗದಿಗಿಂತ ಇಳಿದರೆ ಕವಾಟ ತಾನಾಗಿಯೇ ಹೊರಳಿ, ಆ ಹಾಲನ್ನು ಮುಂದೆ ಬಿಡದೆ ಮೊದಲಿನ ತೊಟ್ಟಿಗೆ ಹಿಂದಿರುಗಿಸುತ್ತದೆ. ಮನುಷ್ಯನ ಮರೆವಿಗೆ ಇಲ್ಲಿ ಅವಕಾಶವಿಲ್ಲ. ಪಾಶ್ಚರೀಕರಣದ ನಿಜವಾದ ಶಕ್ತಿ ಬಿಸಿಯಲ್ಲಿರುವುದಕ್ಕಿಂತ ಈ ಕವಾಟದಲ್ಲಿದೆ ಎಂದರೂ ತಪ್ಪಾಗಲಾರದು.

ಕೆಲಸ ಸರಿಯಾಗಿ ಆಗಿದೆಯೇ ಎಂದು ತಿಳಿಯುವ ಪರೀಕ್ಷೆಯೂ ಸರಳವಾದುದು. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಎಂಬ ಕಿಣ್ವ ಸಹಜವಾಗಿಯೇ ಇರುತ್ತದೆ. ರೋಗಾಣುಗಳು ಸಾಯುವಷ್ಟು ಬಿಸಿ ತಗುಲಿದಾಗ ಅದೂ ನಾಶವಾಗುತ್ತದೆ. ಪಾಶ್ಚರೀಕರಣದ ಬಳಿಕವೂ ಅದು ಉಳಿದಿದ್ದರೆ ಹಾಲು ಸರಿಯಾಗಿ ಕಾದಿಲ್ಲ, ಇಲ್ಲವೇ ಹಸಿ ಹಾಲು ಬೆರೆತಿದೆ ಎಂದರ್ಥ.

ಇಲ್ಲಿ ಒಂದು ಮಿತಿಯನ್ನು ತಿಳಿದಿರಬೇಕು. ಹಾಲಿನ ಮೂಲಕ ಹರಡಬಲ್ಲ ಕ್ಯೂ ಜ್ವರದ ರೋಗಾಣು ಬಿಸಿಯನ್ನು ಹೆಚ್ಚು ತಡೆದುಕೊಳ್ಳುವಂಥದು. ಅದರ ಸಂಖ್ಯೆಯನ್ನು ಕನಿಷ್ಠ 1 ಲಕ್ಷಕ್ಕೆ 1ರಂತೆ ಇಳಿಸಬೇಕೆಂಬುದೇ ಪಾಶ್ಚರೀಕರಣದ ಅಂತರರಾಷ್ಟ್ರೀಯ ಅಳತೆ. ಎಂದರೆ ಬಿಸಿಯು ರೋಗಾಣುಗಳನ್ನು ಒಂದು ಪ್ರಮಾಣದಲ್ಲಿ ತಗ್ಗಿಸುತ್ತದೆ. ಅಳತೆ ಮೀರಿ ಕೊಳಕಾದ ಹಾಲನ್ನು ಶುದ್ಧವಾಗಿ ಮಾಡಿಕೊಡುವುದಿಲ್ಲ. ಪಾಶ್ಚರೀಕೃತ ಹಾಲು ರೋಗಾಣುರಹಿತವೇ ಹೊರತು ಎಲ್ಲ ಸೂಕ್ಷ್ಮಾಣುಗಳಿಂದಲೂ ಮುಕ್ತವಲ್ಲ. ಆದ್ದರಿಂದಲೇ ಅದನ್ನು ತಂಪಿನಲ್ಲಿಡಬೇಕು. ಬೆಳಗಿನ ಜಾವ ಪಾದಚಾರಿ ಮಾರ್ಗದ ಮೇಲೆ ಇಳಿಸಿಹೋದ ಹಾಲಿನ ಪೊಟ್ಟಣಗಳ ಪೆಟ್ಟಿಗೆಗಳು ಬಿಸಿಲೇರುವವರೆಗೂ ಅಲ್ಲೇ ಕುಳಿತಿರುವ ದೃಶ್ಯ ಈ ಪ್ರದೇಶದವರಿಗೆ ಹೊಸದಲ್ಲ. ಅಂಥ ಹಾಲು ಒಡೆದರೆ ದೂರು ಡೇರಿಯ ಮೇಲೆ ಬರುತ್ತದೆ, ತಪ್ಪು ರಸ್ತೆಬದಿಯದು.

ಮನೆಯ ಒಲೆಯಲ್ಲಿ ಕವಾಟವಿಲ್ಲ, ಗಡಿಯಾರವಿಲ್ಲ. ಆದರೆ ಅಲ್ಲಿ ಉಷ್ಣತೆ ಬಹಳ ಹೆಚ್ಚು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ರಲ್ಲಿ ಅಲ್ಲ, ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹಾಗಿದ್ದರೂ ಅದು 72ನ್ನು ಎಷ್ಟೋ ಮೀರಿದ ಬಿಸಿ. ಸೌಟಿನಿಂದ ತಿರುವುತ್ತ ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿದರೆ, ಕಂದು ರೋಗ, ಕ್ಷಯ, ವಿಷಮಶೀತ ಜ್ವರ, ಭೇದಿಗಳನ್ನು ಹರಡುವ ರೋಗಾಣುಗಳು ಉಳಿಯುವುದಿಲ್ಲ. ಹೊಸ ಮನೆಗೆ ಕಾಲಿಡುವಾಗ ಹಾಲು ಉಕ್ಕಿಸುವ ಜನ ನಾವು. ಅದೇ ಉಕ್ಕು ಪ್ರತಿದಿನದ ಅಡುಗೆಮನೆಯಲ್ಲಿ ತಲೆಮಾರುಗಳಿಂದ ಪಾಶ್ಚರೀಕರಣದ ಕೆಲಸ ಮಾಡುತ್ತ ಬಂದಿದೆ. ಹಸಿ ಹಾಲಿನ ಮಾರಾಟ ನಮ್ಮಲ್ಲಿ ಇಷ್ಟು ಕಾಲ ದೊಡ್ಡ ಅನಾಹುತವಾಗಿ ಕಾಣದಿರಲು ಕಾರಣ ಕೊಟ್ಟಿಗೆಯ ಶುದ್ಧಿಯಲ್ಲ. ಕೊಳ್ಳುವವರ ಮನೆಯ ಒಲೆ. ಆ ಒಲೆಯನ್ನು ಆರಿಸಿದರೆ ಉಳಿದ ವ್ಯವಸ್ಥೆಯಲ್ಲಿ ಅದರ ಜಾಗ ತುಂಬುವ ರಕ್ಷಣೆ ಯಾವುದೂ ಇಲ್ಲ.

ಹಸಿ ಹಾಲಿನ ಪರವಾದ ವಾದಗಳಲ್ಲಿ ನಿಜವೆಷ್ಟು

ಪರವಾಗಿ ಮಾತನಾಡುವವರನ್ನು ಮೂಢರೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಕೆಲವು ಮಾತುಗಳಿಗೆ ಆಧಾರವಿದೆ. ಆಗತಾನೇ ಕರೆದ ಹಾಲಿಗೆ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುವ ಸ್ವಂತ ಶಕ್ತಿ ಇದೆ ಎಂಬುದು ನಿಜ. ಆದರೆ 30 ಡಿಗ್ರಿಯ ಹವೆಯಲ್ಲಿ ಆ ಶಕ್ತಿ ಉಳಿಯುವುದು ಸುಮಾರು 2 ಗಂಟೆ ಮಾತ್ರ. ನೊರೆಹಾಲನ್ನು ಕೊಟ್ಟಿಗೆಯ ಬಾಗಿಲಲ್ಲೇ ಕುಡಿಯುತ್ತಿದ್ದ ಕಾಲದಲ್ಲಿ ಈ ಮಾತಿಗೆ ಒಂದಿಷ್ಟು ಅರ್ಥವಿತ್ತು. ಸರ್ಜಾಪುರ ರಸ್ತೆಯ ವಾಹನದಟ್ಟಣೆಯೊಂದೇ ಈಗ ಆ 2 ಗಂಟೆಗಳನ್ನು ನುಂಗಿಹಾಕಬಲ್ಲದು. ಆಮೇಲಿನ ಲೆಕ್ಕ ಬೇರೆಯೇ. ಒಂದು ಸೂಕ್ಷ್ಮಾಣು ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆ ಎಂದಿಟ್ಟುಕೊಂಡರೆ 4 ಗಂಟೆಯಲ್ಲಿ ಅದು 256 ಆಗುತ್ತದೆ, 6 ಗಂಟೆಯಲ್ಲಿ 4,096. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವ ಲೆಕ್ಕವಿದು. ಸಾಲ ಕಂಡವರಿಗೆ ವಿವರಿಸಬೇಕಾಗಿಲ್ಲ.

ಜೀವಸತ್ವಗಳ ಮಾತು ಅರ್ಧ ನಿಜ. ಪಾಶ್ಚರೀಕರಣದಿಂದ ಸಿ ಜೀವಸತ್ವ ಮತ್ತು ಬಿ ಗುಂಪಿನ ಕೆಲವು ಜೀವಸತ್ವಗಳು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತವೆ. ಮನೆಯಲ್ಲಿ ಕುದಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಆದರೆ ಸಿ ಜೀವಸತ್ವಕ್ಕಾಗಿ ಯಾರೂ ಹಾಲನ್ನು ನೆಚ್ಚಿಕೊಂಡಿಲ್ಲ. ಒಂದು ನೆಲ್ಲಿಕಾಯಿಯಲ್ಲಿರುವಷ್ಟು ಅದು ಲೋಟ ಹಾಲಿನಲ್ಲಿ ಎಂದೂ ಇರಲಿಲ್ಲ. ಹಾಲನ್ನು ಕುಡಿಯುವುದು ಸಸಾರಜನಕಕ್ಕಾಗಿ, ಸುಣ್ಣದ ಅಂಶಕ್ಕಾಗಿ. ಇವೆರಡೂ ಕಾಯಿಸಿದ ಹಾಲಿನಲ್ಲಿ ಹಾಗೆಯೇ ಉಳಿಯುತ್ತವೆ. ದಿನಕ್ಕೆ ನಾಲ್ಕು ಸಲ ಅದೇ ಹಾಲನ್ನು ಮತ್ತೆ ಮತ್ತೆ ಕುದಿಸುವುದು ಮಾತ್ರ ಬಿಡಬೇಕಾದ ಅಭ್ಯಾಸ. ಒಮ್ಮೆ ಕಾಯಿಸಿ, ಮುಚ್ಚಿ, ಬೇಗ ತಣಿಸಿ, ತಂಪುಪೆಟ್ಟಿಗೆಯಲ್ಲಿಟ್ಟರೆ ಸಾಕು. ಹಾಲು ಒಗ್ಗದವರಿಗೆ ಹಸಿ ಹಾಲು ಒಗ್ಗುತ್ತದೆ ಎಂಬ ಮಾತಿಗೂ ಹುರುಳಿಲ್ಲ. ಒಗ್ಗದಿರುವುದು ಹಾಲಿನ ಸಕ್ಕರೆ, ಅದು ಎರಡೂ ಹಾಲಿನಲ್ಲಿ ಒಂದೇ ಸಮ.

ಯುರೋಪಿನ ಹಳ್ಳಿಗಾಡಿನಲ್ಲಿ ಹಸಿ ಹಾಲು ಕುಡಿದು ಬೆಳೆದ ಮಕ್ಕಳಲ್ಲಿ ಉಬ್ಬಸ ಮತ್ತು ಒಗ್ಗದಿಕೆಯ ಕಾಯಿಲೆಗಳು ಕಡಿಮೆ ಎಂದು ಕೆಲವು ಅಧ್ಯಯನಗಳು ತೋರಿಸಿರುವುದು ಸುಳ್ಳಲ್ಲ. ಆದರೆ ಅದನ್ನು ಕಂಡುಕೊಂಡ ಸಂಶೋಧಕರೇ, ರೋಗಾಣುಗಳ ಅಪಾಯವಿರುವುದರಿಂದ ಹಸಿ ಹಾಲು ಕುಡಿಯಿರೆಂದು ಸಲಹೆ ನೀಡಲಾಗದು ಎಂದಿದ್ದಾರೆ. ಎ2 ಹಾಲಿನ ಹೆಸರೂ ಈ ಚರ್ಚೆಯೊಳಗೆ ಸೇರಿಕೊಂಡಿದೆ. ಅದು ಹಾಲಿನ ಒಂದು ಸಸಾರಜನಕದ ಬಗೆಗಿನ ಮಾತು. ಕಾಯಿಸುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 2024ರ ಆಗಸ್ಟ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಪೊಟ್ಟಣಗಳ ಮೇಲಿನ ಎ1, ಎ2 ಹೇಳಿಕೆಗಳನ್ನು ತೆಗೆಯುವಂತೆ ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ನಮ್ಮ ಹಳ್ಳಿಕಾರ್ ಹಸುವಿನ ಹಾಲಿಗೆ ಈಗ ಬಂದಿರುವ ಬೇಡಿಕೆ ಸಂತೋಷದ ವಿಷಯವೇ. ಆದರೆ ಹಳ್ಳಿಕಾರ್ ಉಳುಮೆಗೆ ಹೆಸರಾದ ತಳಿ, ಕರೆಯುವುದು ಕೊಂಚವೇ. ಅದರ ಹೆಸರಿನಲ್ಲಿ ಬೀದಿ ಬೀದಿಗೆ ಹರಿಯುವ ಹಾಲೆಲ್ಲ ಅದರದೇ ಆಗಿರಲು ಸಾಧ್ಯವೇ ಎಂದು ಕೊಳ್ಳುವವರೇ ಯೋಚಿಸಬೇಕು.

ವಿದೇಶದ ಚರ್ಚೆ ಇಲ್ಲಿಗೆ ಹೊಂದದಿರುವ ಕಾರಣ

ಈ ವಿಷಯದಲ್ಲಿ ಸದಸ್ಯರು ಎಲ್ಲಕ್ಕಿಂತ ಮುಖ್ಯವಾಗಿ ಮನಗಾಣಬೇಕಾದ ಸಂಗತಿಯೊಂದಿದೆ. ಇಂಗ್ಲೆಂಡಿನಲ್ಲಿ ರೈತರು ಹಸಿ ಹಾಲನ್ನು ನೇರವಾಗಿ ಗ್ರಾಹಕರಿಗೆ ಮಾರಬಹುದು. ಸ್ಕಾಟ್ಲೆಂಡಿನಲ್ಲಿ 1983ರಿಂದಲೇ ಅದು ನಿಷಿದ್ಧ. ಇಂಗ್ಲೆಂಡಿನ ಉದಾಹರಣೆಯನ್ನು ಕೊಡುವವರು ಅಲ್ಲಿನ ಷರತ್ತನ್ನು ಹೇಳುವುದಿಲ್ಲ. ಅಲ್ಲಿ ಹಸಿ ಹಾಲು ಮಾರುವ ಮಂದೆಯ ಹಸುಗಳು ಕ್ಷಯ ಮತ್ತು ಕಂದು ರೋಗದಿಂದ ಮುಕ್ತವೆಂದು ಸರ್ಕಾರಿ ಪರೀಕ್ಷೆಯಲ್ಲಿ ಸಿದ್ಧವಾಗಿರಬೇಕು. ಬಾಟಲಿಯ ಮೇಲೆ, ಇದು ಕಾಯಿಸದ ಹಾಲು, ಆರೋಗ್ಯಕ್ಕೆ ಹಾನಿಮಾಡುವ ಜೀವಾಣುಗಳು ಇರಬಹುದು ಎಂಬ ಎಚ್ಚರಿಕೆಯೂ ಇರಬೇಕು. ಪರೀಕ್ಷೆಯಲ್ಲಿ ರೋಗ ಕಂಡ ಹಸುವನ್ನು ಅಲ್ಲಿ ಮಂದೆಯಿಂದ ತೆಗೆದು ಕೊಲ್ಲುತ್ತಾರೆ.

ನಮ್ಮಲ್ಲಿ ಆ ಕ್ರಮ ಇಲ್ಲ. ಜನರ ಭಾವನೆಯೂ ಕಾನೂನೂ ಅದಕ್ಕೆ ಒಪ್ಪುವಂಥವಲ್ಲ. ಅದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಫಲಿತಾಂಶವನ್ನು ಮಾತ್ರ ನೋಡಬೇಕು. ಸೋಂಕು ತಗುಲಿದ ಹಸು ಕೊಟ್ಟಿಗೆಯಲ್ಲೇ ಉಳಿಯುತ್ತದೆ, ಹಾಲನ್ನೂ ಕೊಡುತ್ತಲೇ ಇರುತ್ತದೆ. ಎಷ್ಟೋ ವೇಳೆ ಸೋಂಕಿರುವುದು ಮಾಲೀಕರಿಗೂ ಗೊತ್ತಿರುವುದಿಲ್ಲ, ಏಕೆಂದರೆ ಹಸು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಭಾರತದಲ್ಲಿ ದನಗಳ ಕ್ಷಯದ ಬಗ್ಗೆ ಅದುವರೆಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ನೂರಕ್ಕೆ ಸುಮಾರು 7 ದನಗಳಲ್ಲಿ ಸೋಂಕಿರಬಹುದೆಂದು ಅಂದಾಜಿಸಿತು. ಹತ್ತಾರು ಕೊಟ್ಟಿಗೆಗಳ ಹಾಲು ಒಂದೇ ಕ್ಯಾನಿಗೆ ಬಿದ್ದಾಗ ಈ ಅಂದಾಜಿನ ಅರ್ಥವೇನೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಹಸುವನ್ನು ಉಳಿಸಿಕೊಳ್ಳುವ ನಾಡಿನಲ್ಲಿ ಹಾಲನ್ನು ಕಾಯಿಸಲೇಬೇಕು.

2023ರಿಂದ ಕ್ಷಯಮುಕ್ತ ಗ್ರಾಮ ಪಂಚಾಯಿತಿ ಅಭಿಯಾನ ನಡೆಯುತ್ತಿದೆ. ಅನೇಕ ಸದಸ್ಯರು ಅದರಲ್ಲಿ ತೊಡಗಿದ್ದಾರೆ. ಅದರ ಅಳತೆಗಳು ಮನುಷ್ಯರ ತಪಾಸಣೆ ಮತ್ತು ಚಿಕಿತ್ಸೆಗೆ ಸಂಬಂಧಿಸಿದವು. ಕ್ಷಯ ಬಹುತೇಕ ಮನುಷ್ಯರಿಂದ ಮನುಷ್ಯರಿಗೆ ಉಸಿರಿನ ಮೂಲಕ ಹರಡುವುದರಿಂದ ಅದು ಸರಿಯೇ. ಹಾಲಿನಿಂದ ಬರುವ ಕ್ಷಯ ಅದರಲ್ಲೊಂದು ಸಣ್ಣ ಪಾಲು; ಅದು ಶ್ವಾಸಕೋಶಕ್ಕಿಂತ ಹೆಚ್ಚಾಗಿ ಕತ್ತಿನ ಗಂಟುಗಳಲ್ಲಿ, ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೂ ಅಭಿಯಾನದ ಸಭೆಗಳಲ್ಲಿ ಹಾಲು ಕಾಯಿಸುವ ಒಂದು ಮಾತು ಸೇರಿಸಿದರೆ ಖರ್ಚೇನೂ ಇಲ್ಲ.

ಕಂದು ರೋಗದ ಕಥೆ ಇನ್ನಷ್ಟು ಹತ್ತಿರದ್ದು. ಹಸು ತುಂಬುಗರ್ಭದಲ್ಲಿ ಕಂದು ಹಾಕುವುದು ಇದರ ಮುಖ್ಯ ಲಕ್ಷಣ. ರೋಗಾಣು ಹಾಲಿನಲ್ಲೂ ಇಳಿಯುತ್ತದೆ. ಕಂದು ಹಾಕಿದ ಮಾಸು, ಸ್ರಾವಗಳನ್ನು ಬರಿಗೈಯಲ್ಲಿ ಮುಟ್ಟಿದವರಿಗೂ ತಗಲುತ್ತದೆ. ಆದ್ದರಿಂದ ಹಾಲು ಕೊಳ್ಳುವ ನಗರವಾಸಿಗಿಂತ ಮೊದಲು ಅಪಾಯಕ್ಕೊಳಗಾಗುವುದು ಕೊಟ್ಟಿಗೆಯಲ್ಲಿ ದುಡಿಯುವ ಮನೆಯ ಹೆಣ್ಣುಮಕ್ಕಳು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಕೀಲು ಮತ್ತು ಸೊಂಟದ ನೋವು ಇದರ ಚಿಹ್ನೆಗಳು. ಮಲೇರಿಯವೆಂದೋ ವಿಷಮಶೀತ ಜ್ವರವೆಂದೋ ವಾತವೆಂದೋ ತಿಳಿದು ತಿಂಗಳುಗಟ್ಟಲೆ ಬೇರೆ ಔಷಧ ನುಂಗಿದವರಿದ್ದಾರೆ. ಸರಿಯಾದ ಔಷಧವನ್ನು ಸುಮಾರು 6 ವಾರ ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ. ಅಂಥ ಜ್ವರವಿದ್ದವರು, ಮನೆಯಲ್ಲಿ ಹಸುವಿದೆ, ಅದು ಕಂದು ಹಾಕಿತ್ತು ಎಂಬ ಎರಡು ಮಾತುಗಳನ್ನು ವೈದ್ಯರಿಗೆ ಹೇಳುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಬೇಕು. ಅಷ್ಟು ಹೇಳಿದರೆ ರಕ್ತಪರೀಕ್ಷೆಯ ದಾರಿ ತೆರೆಯುತ್ತದೆ.

ಇದಕ್ಕೆ ಪರಿಹಾರ ಕೈಗೆಟುಕುವಷ್ಟು ಸಮೀಪದಲ್ಲಿದೆ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗವೂ ಸೇರಿದೆ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಬೇಕು, ಉಚಿತ. ಪಶುರೋಗಗಳ ಹರಡುವಿಕೆಯನ್ನು ದೇಶಮಟ್ಟದಲ್ಲಿ ಅಧ್ಯಯನ ಮಾಡುವ ಕೇಂದ್ರ ಸಂಸ್ಥೆ ನಿವೇದಿ ಇರುವುದು ಯಲಹಂಕದಲ್ಲಿ, ಎಂದರೆ ಇದೇ ಜಿಲ್ಲೆಯ ಅಂಗಳದಲ್ಲಿ. ಇಷ್ಟಿದ್ದೂ ಕಾಲುಬಾಯಿ ಲಸಿಕೆಗೆ ಬರುವಷ್ಟು ಜನ ಕಂದು ರೋಗದ ಲಸಿಕೆಯನ್ನು ಕೇಳಿ ಹಾಕಿಸಿಕೊಳ್ಳುವುದಿಲ್ಲ. ಕಾಲುಬಾಯಿ ಬಂದರೆ ಹಾಲು ಇಂದೇ ಇಳಿಯುತ್ತದೆ, ಕಂದು ರೋಗದ ನಷ್ಟ ಎರಡು ವರ್ಷ ಕಳೆದು ಕಾಣುತ್ತದೆ, ಕಾರಣ ಅಷ್ಟೇ.

ಬಿಸಿ ಮುಟ್ಟಲಾಗದ ದೋಷಗಳು

ಹಾಲನ್ನು ಕಾಯಿಸಿಬಿಟ್ಟರೆ ಎಲ್ಲವೂ ಮುಗಿಯಿತು ಎಂಬ ತಿಳಿವಳಿಕೆಯೂ ತಪ್ಪು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿತು. ಜನ ಹೆಚ್ಚಾಗಿ ಹೆದರುವ ವಿಷಕಾರಿ ಕಲಬೆರಕೆ ಸಿಕ್ಕಿದ್ದು ಕೇವಲ 12 ಮಾದರಿಗಳಲ್ಲಿ. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿ ಸಿಕ್ಕಿದ್ದು 368ರಲ್ಲಿ. ಅದು ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚಾಗಿ ಕಂಡಿತು ಎಂಬುದನ್ನು ಪ್ಯಾಕೆಟ್ ಹಾಲಿನ ಪಕ್ಷದವರು ಗಮನಿಸಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಜೋಳದ ಮೇವುಗಳನ್ನು ತಿಂದ ಹಸುವಿನ ಹಾಲಿಗೆ ಈ ವಿಷ ಇಳಿಯುತ್ತದೆ. ಪಾಶ್ಚರೀಕರಣವಾಗಲಿ ಮನೆಯ ಒಲೆಯಾಗಲಿ ಅದನ್ನು ಕಳೆಯಲಾರವು. ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಒಟ್ಟಿದ ಹಿಂಡಿ ಚೀಲವನ್ನು ಹಲಗೆಯ ಮೇಲೆತ್ತಿಡುವುದೇ ಅದಕ್ಕೆ ಮದ್ದು.

ಪ್ರತಿಜೀವಕ ಔಷಧದ ಮಾತೂ ಹಾಗೆಯೇ. ಕೆಚ್ಚಲು ಬಾವಿಗೆ ಔಷಧ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಮಾರಬಾರದು. ದಿನದ ಸಂಪಾದನೆಯೇ ಹಾಲಾಗಿರುವ ಮನೆಗೆ ಮೂರು ನಾಲ್ಕು ದಿನ ಹಾಲು ಚೆಲ್ಲುವುದು ಸುಲಭದ ಮಾತಲ್ಲ. ಅದನ್ನು ಬರಿಯ ಉಪದೇಶದಿಂದ ಮಾಡಿಸಲಾಗುವುದಿಲ್ಲ.

ಈ ಕೈಗಾರಿಕಾ ಪ್ರದೇಶಕ್ಕೇ ವಿಶೇಷವಾದ ಇನ್ನೊಂದು ತೊಡಕಿದೆ. ಗೋಮಾಳಗಳು ಕರಗಿ, ಹೊಲಗಳು ಬಡಾವಣೆಗಳಾದ ಮೇಲೆ ಹಸಿರು ಮೇವು ಸಿಗುವುದು ಕೆರೆಯಂಗಳಗಳಲ್ಲಿ ಮಾತ್ರ ಎಂಬ ಸ್ಥಿತಿ ಹಲವೆಡೆ ಇದೆ. ನೊರೆಗೂ ಬೆಂಕಿಗೂ ಸುದ್ದಿಯಾದ ಬೆಳ್ಳಂದೂರು ಕೆರೆ, ವರ್ತೂರು ಕೆರೆಗಳಂಥ ಕೊಳಚೆ ಹರಿಯುವ ಕೆರೆಗಳ ಅಂಚಿನಲ್ಲೂ ಸೊಪ್ಪು ಕೊಯ್ದು ದನಗಳಿಗೆ ಹಾಕುವುದುಂಟು. ಪೀಣ್ಯದಲ್ಲಿ ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ದಾಖಲಾದ ಸಂಗತಿ. ಸೀಸ, ಕ್ರೋಮಿಯಂ ಮೊದಲಾದ ಲೋಹಗಳು ಮೇವು ನೀರುಗಳಲ್ಲಿದ್ದರೆ ಎಷ್ಟು ಕಾಯಿಸಿದರೂ ಹೋಗುವಂಥವಲ್ಲ. ಹಳ್ಳಿಯ ಹಾಲು ಎಂದಾಕ್ಷಣ ಅದು ನಿರ್ಮಲವೆಂದು ನಂಬುವ ಕೊಳ್ಳುಗರಿಗೆ, ಆ ಹಳ್ಳಿ ಯಾವ ನೀರಿನ ಕೆಳಗಿದೆ ಎಂಬುದು ತಿಳಿದಿರುವುದಿಲ್ಲ.

ನೀರು ಬೆರೆಸುವ ವಿಷಯವನ್ನು ಇಲ್ಲಿಯೇ ಹೇಳಬಹುದು. ಅದನ್ನು ಸಣ್ಣ ಮೋಸವೆಂದು ನಕ್ಕು ಬಿಡುವುದುಂಟು. ಆದರೆ ಬೆರೆಸುವ ನೀರು ಟ್ಯಾಂಕರಿನದೋ ತೆರೆದ ತೊಟ್ಟಿಯದೋ ಆಗಿರುವಾಗ, ಹಾಲು ತೆಳುವಾಗುವುದು ಸಣ್ಣ ನಷ್ಟ. ಅದರೊಡನೆ ಬರುವ ರೋಗಾಣು ದೊಡ್ಡದು. ಸಂಘದ ಮೇಜಿನ ಮೇಲಿರುವ ಲ್ಯಾಕ್ಟೋಮೀಟರ್ ನೀರನ್ನು ಹಿಡಿದೀತು, ರೋಗಾಣುವನ್ನಲ್ಲ. ಕೊಬ್ಬು ಹೆಚ್ಚಿರುವ ಹಾಲಿಗೆ ಹೆಚ್ಚು ಬೆಲೆ ಸಿಗುವ ಪದ್ಧತಿಯಲ್ಲಿ, ಕೊಬ್ಬಿನ ಅಂಕಿಯನ್ನೇ ಶುದ್ಧಿಯ ಅಂಕಿ ಎಂದು ತಿಳಿಯುವುದು ಸಾಮಾನ್ಯ ತಪ್ಪು.

ಡೇರಿಯ ನೆಲ

ಬೆಂಗಳೂರಿಗೆ ಈ ವಿದ್ಯೆ ಪರಕೀಯವಲ್ಲ. 1923ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾದದ್ದು ಇಲ್ಲಿಯೇ. 1927ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದರು. ಸಂಸ್ಥೆಯ ಕೇಂದ್ರ 1955ರಲ್ಲಿ ಕರ್ನಾಲಕ್ಕೆ ಸಾಗಿದರೂ ಅದರ ದಕ್ಷಿಣ ಕೇಂದ್ರ ಆಡುಗೋಡಿಯಲ್ಲಿ ಇಂದಿಗೂ ಇದೆ. ರಾಜ್ಯದ ಮೊದಲ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ, ಬೆಂಗಳೂರು ಡೇರಿ 1965ರಲ್ಲಿ. 1974ರ ಡೇರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. 2024ರ ಜೂನ್ ವೇಳೆಗೆ ಅದರ ದಿನದ ಸಂಗ್ರಹ 1 ಕೋಟಿ ಲೀಟರ್ ಮುಟ್ಟಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಕೊಡುವುದು ಸಂಸ್ಕರಿಸಿದ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು. ಅಲ್ಲಿಯೂ ಪುಡಿ ಕಲಸುವ ನೀರು ಕುದಿದಿರಬೇಕು ಎಂಬುದನ್ನು ಅಡುಗೆಯವರಿಗೆ ನೆನಪಿಸುವುದು ಪಂಚಾಯಿತಿಯ ಕೆಲಸ.

ಪಂಚಾಯಿತಿ ಏನು ಮಾಡಬಹುದು

ಹಸಿ ಹಾಲಿನ ಮಾರಾಟ ಭಾರತದಲ್ಲಿ ನಿಷಿದ್ಧವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮಾರುವವರು ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಪರಿಶೀಲಿಸುವ, ಮಾದರಿ ತೆಗೆಯುವ, ಕ್ರಮ ಜರುಗಿಸುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗಳದು. ಆದ್ದರಿಂದ ನಿಷೇಧದ ನಿರ್ಣಯ ಅಂಗೀಕರಿಸಿದರೆ ಅದು ನಿಲ್ಲುವುದಿಲ್ಲ. ಶುದ್ಧತೆಯ ಪ್ರಮಾಣಪತ್ರ ಕೊಟ್ಟರೆ ಅದು ಇನ್ನೂ ಅಪಾಯಕಾರಿ, ಏಕೆಂದರೆ ಪಂಚಾಯಿತಿಯ ಮುದ್ರೆ ಕಂಡವರು ಹಾಲನ್ನು ಕಾಯಿಸದೆ ಕುಡಿಯುವ ಧೈರ್ಯ ಮಾಡುತ್ತಾರೆ. ನಿಷೇಧದಿಂದ ಆಗುವ ನಷ್ಟವನ್ನೂ ನೋಡಬೇಕು. ಒಂದೆರಡು ಹಸುಗಳನ್ನು ಕಟ್ಟಿಕೊಂಡ, ಜಮೀನು ಕಳೆದುಕೊಂಡ ಕುಟುಂಬಕ್ಕೆ ಬಾಗಿಲ ಮಾರಾಟದಲ್ಲಿ ಸಿಗುವ ಹೆಚ್ಚಿನ ದರವೇ ಹಸುವನ್ನು ಉಳಿಸಿಕೊಳ್ಳುವ ಆಸರೆ.

ನೋಂದಣಿಯ ವಿಷಯದಲ್ಲಿ ಒಂದು ಗೊಂದಲ ಸಾಮಾನ್ಯವಾಗಿದೆ. ಹಾಲು ಸಹಕಾರ ಸಂಘದ ಸದಸ್ಯರಾಗಿ ತಮ್ಮ ಹಾಲನ್ನು ಪೂರ್ತಿಯಾಗಿ ಸಂಘಕ್ಕೆ ಹಾಕುವ ಉತ್ಪಾದಕರಿಗೆ ನೋಂದಣಿಯಿಂದ ವಿನಾಯಿತಿ ಇದೆ. ಬೆಳಗಿನ ಹಾಲು ಸಂಘಕ್ಕೆ, ಸಂಜೆಯದು ಸಮುಚ್ಚಯಕ್ಕೆ ಎಂದು ಹಂಚುವವರಿಗೆ ಆ ವಿನಾಯಿತಿ ಅನ್ವಯಿಸದು. ಇದು ತಿಳಿಯದೆ ತೊಂದರೆಗೆ ಸಿಲುಕುವವರು ಸಣ್ಣವರೇ. ಅವರಿಗಾಗಿ ಪಂಚಾಯಿತಿ ಕಚೇರಿಯ ಗಣಕಯಂತ್ರದಲ್ಲಿಯೇ ಅರ್ಜಿ ತುಂಬಿಕೊಡುವ ಒಂದು ದಿನವನ್ನು ಗೊತ್ತುಮಾಡಬಹುದು.

ಉಳಿದದ್ದು ಪಂಚಾಯಿತಿಯ ಸಂಬಂಧಪಟ್ಟ ಸ್ಥಾಯಿ ಸಮಿತಿಯ ಕೆಲಸ. ಪಶುಪಾಲನೆ ಅದರ ವ್ಯಾಪ್ತಿಯಲ್ಲೇ ಇದೆ. ಪಶುವೈದ್ಯ ಸಂಸ್ಥೆಯಿಂದ ಊರಿನ ಹೆಣ್ಣುಕರುಗಳ ಪಟ್ಟಿ ಪಡೆದು, 8 ತಿಂಗಳು ದಾಟುವ ಮೊದಲು ಪ್ರತಿ ಕರುವಿಗೂ ಕಂದು ರೋಗದ ಲಸಿಕೆ ಬಿದ್ದಿದೆಯೇ ಎಂದು ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಡನೆ ತಾಳೆ ನೋಡುವುದು ಮೊದಲ ಕೆಲಸವಾಗಬೇಕು. ಕಂದು ಹಾಕಿದ ಹಸುವಿನ ಸುದ್ದಿ ಬಂದರೆ 1962 ಪಶು ಸಹಾಯವಾಣಿಗೆ ಕರೆ ಮಾಡಿಸುವುದು, ಮಾಸನ್ನು ಕೆರೆಗೋ ತಿಪ್ಪೆಗೋ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿಸುವುದು ಅದರ ಮುಂದುವರಿಕೆ. ಈ ಪ್ರದೇಶದ ಪಂಚಾಯಿತಿಗಳಿಗೆ ತೆರಿಗೆಯ ಸ್ವಂತ ಸಂಪನ್ಮೂಲ ಒಳನಾಡಿನ ಪಂಚಾಯಿತಿಗಳಿಗಿಂತ ಉತ್ತಮವಾಗಿದೆ. ಪ್ಲಾಸ್ಟಿಕ್ ಡಬ್ಬಿಗಳ ಬದಲು ಉಜ್ಜಿ ತೊಳೆಯಬಹುದಾದ ಅಗಲಬಾಯಿಯ ಉಕ್ಕಿನ ಕ್ಯಾನುಗಳು, ಸಾಮೂಹಿಕ ತೊಳೆಯುವ ಕಟ್ಟೆಗೆ ಬಿಸಿನೀರು, ಸಂಘದ ಶೀತಲೀಕರಣ ಘಟಕಕ್ಕೆ ವಿದ್ಯುತ್ ನಿಂತಾಗಿನ ಏರ್ಪಾಡು ಇವುಗಳನ್ನು ನಿಯಮಾನುಸಾರ ಕ್ರಿಯಾಯೋಜನೆಯಲ್ಲಿ ಸೇರಿಸುವ ಬಗ್ಗೆ ಚರ್ಚಿಸಬಹುದು. ಕರೆದ ಹಾಲನ್ನು ಬೇಗನೆ 4 ಡಿಗ್ರಿಗೆ ಇಳಿಸುವುದು ಮುಂದೆ ಅದನ್ನು ಕಾಯಿಸುವಷ್ಟೇ ಮುಖ್ಯ.

ದೇವಾಲಯಗಳ ಪಂಚಾಮೃತದ ಪ್ರಶ್ನೆಯೂ ಕೆಲವೆಡೆ ಏಳುತ್ತದೆ. ಅಲ್ಲಿ ಬಳಸುವುದು ಕಾಯಿಸದ ಹಾಲು, ಅದು ತೀರ್ಥವಾಗಿ ಮಕ್ಕಳಿಗೂ ಗರ್ಭಿಣಿಯರಿಗೂ ಸಲ್ಲುತ್ತದೆ. ಇದರಲ್ಲಿ ಪಂಚಾಯಿತಿ ಆಜ್ಞೆ ಮಾಡುವ ಅಗತ್ಯವಿಲ್ಲ, ಮಾಡಲೂಬಾರದು. ಎಷ್ಟೋ ದೇವಾಲಯಗಳಲ್ಲಿ ಈಗಾಗಲೇ ಡೇರಿಯ ಪೊಟ್ಟಣದ ಹಾಲನ್ನೇ ಬಳಸುತ್ತಿದ್ದಾರೆ. ಅರ್ಚಕರೊಡನೆ ಗೌರವದಿಂದ ಮಾತನಾಡಿದರೆ ಉಳಿದೆಡೆಯೂ ಅದು ಸಾಧ್ಯ.

ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಮಧುಮೇಹ ಇಲ್ಲವೇ ಮೂತ್ರಪಿಂಡದ ಕಾಯಿಲೆಯವರು ಹಸಿ ಹಾಲನ್ನು ಒಂದು ಗುಟುಕೂ ಕುಡಿಯಬಾರದು ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ದಾಖಲಿಸಿ, ತಾಯಂದಿರ ಸಭೆಗಳಲ್ಲಿ ಓದಿಸಬೇಕು. ವಸತಿ ಸಮುಚ್ಚಯಗಳ ಸಂಘಗಳಿಗೂ ಅದೇ ಮಾತನ್ನು ಪತ್ರದ ಮೂಲಕ ತಿಳಿಸಬಹುದು. ಅವರೂ ಪಂಚಾಯಿತಿಯ ತೆರಿಗೆದಾರರೇ, ಹಲವರು ಮತದಾರರೂ ಹೌದು.

ಬಾಗಿಲಿಗೆ ಹಾಲು ಮಾರುವವರ ಕ್ಯಾನಿನ ಮೇಲೆ ಕನ್ನಡದಲ್ಲಿಯೂ ಕೊಳ್ಳುವವರ ಭಾಷೆಯಲ್ಲಿಯೂ ಒಂದು ಚೀಟಿ ಅಂಟಿಸಲು ಉತ್ಪಾದಕರನ್ನು ಒಪ್ಪಿಸುವುದು ಇವೆಲ್ಲಕ್ಕಿಂತ ಕಡಿಮೆ ಖರ್ಚಿನ ಕೆಲಸ. ಚೀಟಿಯ ಮಾದರಿ ಹೀಗಿರಬಹುದು: ಇದು ಕಾಯಿಸದ ಹಾಲು. ಉಕ್ಕು ಬರುವವರೆಗೆ ಕಾಯಿಸಿ ಕುಡಿಯಿರಿ. ಕರೆದ ವೇಳೆ, ಹಸುವಿನ ಕಿವಿಯೋಲೆ ಸಂಖ್ಯೆ, ನೋಂದಣಿ ಸಂಖ್ಯೆ. ಕೊನೆಯ ಮೂರಕ್ಕೆ ಖಾಲಿ ಜಾಗ ಬಿಟ್ಟು ಮುದ್ರಿಸಬೇಕು. ವೇಳೆಯನ್ನು ಮಾತ್ರ ಪ್ರತಿದಿನ ಕೈಯಲ್ಲೇ ಬರೆಯಿಸಬೇಕು.